ಕಿಟಕಿಯಲ್ಲೊಂದು ಕೂದಲು

ಭಾವ ಅವನಿಗೊಂದು ಕೋಣೆ ಕೊಟ್ಟರು. ಅವನ ಮನಸ್ಸು ಕೆಟ್ಟದ್ದು ಅಲ್ಲಿಂದ.

ಮಹಡಿಯ ಮೇಲೆ ಮೆಟ್ಟಿಲು ಮುಗಿಯುವಲ್ಲಿದ್ದ ಆ ಕೋಣೆಯಲ್ಲಿ ಮೊದಲು ಕೆಟ್ಟ ಪ್ರಿಂಟರುಗಳನ್ನು ಒಟ್ಟಿರುತ್ತಿದ್ದರು. ಈಗ ಅದನ್ನು ಗುಡಿಸಿ, ಮೇಜು ಹಾಕಿ, ತಿರುಗುವ ಕುರ್ಚಿ ಇಟ್ಟು, ಮೂಲೆಯಲ್ಲೊಂದು ಗಿಡವನ್ನೂ ನಿಲ್ಲಿಸಿದ್ದರು. ಗಿಡ ಪ್ಲಾಸ್ಟಿಕ್ಕಿನದು. ಅದಕ್ಕೆ ನೀರು ಹಾಕುವ ಕೆಲಸವೂ ಇರಲಿಲ್ಲ.

"ಇನ್ಮೇಲೆ ಹಂಡೆ ಅಡಿ ತೆವಳ್ಕೊಂಡು ಬೆನ್ನು ನೋಯಿಸ್ಕೊಳ್ಳೋದು ಬೇಡ ಕಣೋ," ಎಂದರು ಭಾವ. "ಸಲಹೆಗಾರ ಅಂತ ಆರಾಮಾಗಿ ಇಲ್ಲಿರು. ಅತಿಥಿಗಳು ಬಂದು ಹೋದ ಮೇಲೆ ಕೆಳಗಿಂದೆಲ್ಲ ಮರಿ ನೋಡ್ಕೋತಾಳೆ."

"ಯಾಕೆ ಭಾವ, ನಾನು ನೋಡ್ಕೊಂಡಿದ್ದು ಸರಿಹೋಗಲಿಲ್ವಾ?"

"ಅಯ್ಯೋ, ಎಂಥ ಮಾತು ಆಡ್ತೀಯ! ನೀನು ಎಷ್ಟು ಗಟ್ಟಿ ಮಾಡಿದೀಯ ಅಂದ್ರೆ ಹಂಡೆ ಈಗ ಸೋರೋದೇ ಇಲ್ಲವಲ್ಲೋ. ಇನ್ನು ಮೂಗಯ್ಯನಿಗೆ ಅಲ್ಲೇನು ಕೆಲಸ?"

ಭಾವ ನಕ್ಕು ಬೆನ್ನು ತಟ್ಟಿದರು. ಅವನೂ ನಕ್ಕ. ಭಾವ ಮೆಟ್ಟಿಲಿಳಿದು ಹೋದ ಮೇಲೆ ತಿರುಗುವ ಕುರ್ಚಿಯ ಮೇಲೆ ಕೂತು, ಒಂದು ಸುತ್ತು ತಿರುಗಿ, ಗೋಡೆಗೆ ಮುಖ ಮಾಡಿ ನಿಂತ ಕುರ್ಚಿಯನ್ನು ಹಾಗೆಯೇ ಬಿಟ್ಟುಕೊಂಡು ತುಂಬ ಹೊತ್ತು ಕೂತಿದ್ದ.

ಮೂಗಯ್ಯ ಎನ್ನುವುದು ಕೆಳಗಿನ ಯಂತ್ರದ ಹಾಲ್‌ನಲ್ಲಿ ಕೆಲಸ ಮಾಡುವವರು ಇಟ್ಟ ಹೆಸರು. ಅವನ ಮೂಗು ದೊಡ್ಡದೇನಲ್ಲ. ಆದರೆ ಉಕ್ಕಿನ ಯಾವ ಸಂದಿಯಲ್ಲಿ ಗಾಳಿ ಒಳನುಸುಳುತ್ತಿದೆ ಎಂಬುದು ಅವನಿಗೆ ವಾಸನೆ ಹಿಡಿದಂತೆ ತಿಳಿದುಬಿಡುತ್ತಿತ್ತು. ಭಾವನ ಕಂಪನಿ ಕಟ್ಟಲು ಹೊರಟಿದ್ದದ್ದು ಸೂರ್ಯನ ಹೊಟ್ಟೆಯಲ್ಲಿ ನಡೆಯುವ ಕೆಲಸವನ್ನು ನೆಲದ ಮೇಲೆ ನಡೆಸುವ ಯಂತ್ರ. ಆಳೆತ್ತರದ ಉಕ್ಕಿನ ಪಾತ್ರೆ, ಸುತ್ತ ಕಾಂತದ ಸುರುಳಿಗಳು. ಒಳಗೆ ಚಿಟಿಕೆಯಷ್ಟು ಜಲಜನಕವನ್ನು ಕೋಟಿಗಟ್ಟಲೆ ಡಿಗ್ರಿಗೆ ಕಾಯಿಸಿದರೆ ಅದರ ಕಣಗಳು ಒಂದಕ್ಕೊಂದು ಬೆಸೆದುಕೊಂಡು ಶಕ್ತಿ ಕೊಡುತ್ತವೆ. ಅದರಿಂದ ಒಂದು ದಿನ ಊರಿಗೆಲ್ಲ ಕರೆಂಟು ಕೊಡಬಹುದು ಎಂಬ ಲೆಕ್ಕ. ಹೆಸರು ದೊಡ್ಡದಾಗಿ ಏನೇ ಇರಲಿ, ಹಾಲ್‌ನವರ ಬಾಯಲ್ಲಿ ಅದು ಹಂಡೆ.

ಹಂಡೆಯೊಳಗೆ ಗಾಳಿ ಇರಕೂಡದು. ಸ್ವಲ್ಪವೂ ಇರಕೂಡದು. ಬೆವರಿನ ಬೆರಳೊಂದು ಒಳಗೋಡೆಯನ್ನು ಮುಟ್ಟಿದರೂ ಆ ಜಿಡ್ಡು ದಿನಗಟ್ಟಲೆ ಆವಿಯಾಗಿ ಒಳಗಿನ ಬೆಂಕಿಯನ್ನು ನಂದಿಸುತ್ತದೆ. ಭಾವನ ಮೊದಲ ಹಂಡೆ ಜರಡಿಯಂತೆ ಸೋರಿ ಗುಜರಿಗೆ ಹೋಗಿತ್ತು. ಎರಡನೆಯದು ಕಣ್ಣು ಮಿಟುಕಿಸುವಷ್ಟು ಹೊತ್ತು ಹೊತ್ತಿ ಆರಿತ್ತು. ಈ ಮೂರನೆಯದರ ಒಂದೊಂದು ಬೆಸುಗೆಯ ಮೇಲೂ ಮೂಗಯ್ಯ ಮಂಡಿಯೂರಿದ್ದ. ಹೀಲಿಯಂ ತುಂಬಿದ ಕೊಳವೆಯನ್ನು ಹೊರಗಿನಿಂದ ಹಾಯಿಸುತ್ತಾ, ಒಳಗಿನ ಪತ್ತೆಯಂತ್ರ ಎಲ್ಲಿ ಹೀಲಿಯಂ ಕಂಡೆನೆಂದು ಕಿರುಚುತ್ತದೋ ಎಂದು ಕಿವಿಯಾನಿಸುತ್ತಾ, ಹೆಂಡತಿಗಿಂತ ಹೆಚ್ಚು ಹೊತ್ತು ಅದರ ಜೊತೆ ಕಳೆದಿದ್ದ. ಹೆಂಡತಿ ಆ ಮಾತನ್ನು ಹೇಳಿಯೇ ತವರಿಗೆ ಹೋಗಿದ್ದಳು. ಹಂಡೆ ಮಾತ್ರ ಉಳಿದಿತ್ತು.

ಈಗ ಅದನ್ನೂ ಕಿತ್ತು ಮರಿಗೆ ಕೊಡುತ್ತಾರಂತೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ!

ಮರಿ ಎಂದರೆ ಭಾವನ ಮಗಳು. ಅವನ ಸ್ವಂತ ಅಕ್ಕನ ಮಗಳು. ಅವನ ಹೆಗಲ ಮೇಲೆ ಕೂತು ಬೆಳೆದವಳು ಹೋಗಿ ಡಾಕ್ಟರೇಟು ಮಾಡಿಕೊಂಡು ಬಂದಿದ್ದಳು. ಹಾಲ್‌ನವರು ಅವಳನ್ನು ಕರೆಯುತ್ತಿದ್ದದ್ದು 'ಜಡೆ' ಎಂದು. ಸೊಂಟ ದಾಟುವ ಕಪ್ಪು ಜಡೆ, ನಡೆದರೆ ಗಡಿಯಾರದ ಲೋಲಕದಂತೆ ಆಡುತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಟೋಪಿಯಿಂದ ಜಡೆ ಹೊರಗೆ ಬಿಟ್ಟುಕೊಂಡೇ ಹಂಡೆಯ ಬಳಿ ಬಂದಿದ್ದಳು. ಮೂಗಯ್ಯ ಎಲ್ಲರೆದುರು ಗುಡುಗಿದ್ದ: "ಆ ಬಾಲಾನ ಒಳಗೆ ಸೇರಿಸು! ಒಂದು ಕೂದಲು ಬಿದ್ರೆ ನಿಮ್ಮಪ್ಪನ ಹಂಡೆ ಸೋರುತ್ತೆ!" ಅವಳು ಕೆಂಪಾಗಿ ಟೋಪಿ ಸರಿಮಾಡಿಕೊಂಡಿದ್ದಳು. ಅಂದಿನಿಂದ ಒಮ್ಮೆಯೂ ತಪ್ಪಿರಲಿಲ್ಲ. ಆದರೆ ಜನಕ್ಕೆ ನೆನಪಿರುವುದು ತಪ್ಪಿದ ದಿನವೇ ತಾನೆ?

ಅವನಿಗೆ ಮೊದಲು ಹೊಳೆದದ್ದು ಅದೇ ಮಾತು. ಪ್ಲಾಸ್ಟಿಕ್ ಗಿಡದ ಎಲೆ ಒರೆಸುತ್ತಾ ಕೂತಿದ್ದಾಗ, ತನ್ನದೇ ಗುಡುಗು ತನ್ನ ಕಿವಿಗೆ ಮತ್ತೆ ಕೇಳಿಸಿತು. ಒಂದು ಕೂದಲು ಬಿದ್ದರೆ.

ಹಂಡೆ ಸೋರದಿದ್ದರೆ ಮೂಗಯ್ಯನಿಗೆ ಕೆಲಸವಿಲ್ಲ. ಸೋರಿದರೆ ಇದೆ. ಅದೂ ಅತಿಥಿಗಳ ಮುಂದೆಯೇ ಸೋರಿದರೆ, ಡಾಕ್ಟರೇಟಿನವರೆಲ್ಲ ತಲೆ ಕೆರೆದುಕೊಂಡು ನಿಂತರೆ, ಕಡೆಗೆ ಭಾವನೇ ಮೆಟ್ಟಿಲು ಹತ್ತಿ ಬಂದು 'ಬಾರೋ' ಎಂದರೆ! ಇಷ್ಟೇ ಅವನಿಗೆ ಬೇಕಾಗಿದ್ದದ್ದು. ಯಾರ ಕುತ್ತಿಗೆಯನ್ನೂ ಕೊಯ್ಯುವುದಿಲ್ಲ, ಯಾರ ಗಂಟನ್ನೂ ಹೊಡೆಯುವುದಿಲ್ಲ. ಮರಿಗೆ ಒಂದಿಷ್ಟು ಮುಖಭಂಗವಾಗುತ್ತದೆ, ಸರಿ. ಅವಳಿಗಿನ್ನೂ ವಯಸ್ಸಿದೆ. ಕಂಪ್ಯೂಟರಿನ ಮುಂದೆ ಕೂರುವ ಕೆಲಸ ಅವಳಿಗೆ ಹೇಳಿ ಮಾಡಿಸಿದ್ದು. ಹೀಗೆಲ್ಲ ತನಗೆ ತಾನೇ ಹೇಳಿಕೊಂಡ. ಆದರೂ ಎದೆಯ ಯಾವುದೋ ಮೂಲೆಯಲ್ಲಿ ಮುಳ್ಳು ಮುರಿದಂತೆ ಆಗುತ್ತಲೇ ಇತ್ತು. ಅವನು ಅವಳನ್ನು ಪ್ರೀತಿಸುತ್ತಿದ್ದ. ಅದು ಸುಳ್ಳಲ್ಲ.

ಜಾಗ ಹುಡುಕಬೇಕಾಗಿರಲಿಲ್ಲ. ಹಂಡೆಯ ಹೊಟ್ಟೆಯ ಕೆಳಗೆ, ಅಂಗೈಯಗಲದ ಗಾಜಿನ ಕಿಟಕಿಯೊಂದಿತ್ತು. ಒಳಗಿನ ಬೆಂಕಿಯನ್ನು ನೋಡಲು ಮರಿ ಅಲ್ಲಿ ಕ್ಯಾಮೆರಾ ಇಟ್ಟಿದ್ದಳು. ಗಾಜಿಗೂ ಉಕ್ಕಿಗೂ ನಡುವೆ ಬಿಸಿ ತಾಳುವ ಒಂದು ರಬ್ಬರಿನ ಬಳೆ, ಸುತ್ತ ಬೋಲ್ಟುಗಳು, ಇಡೀ ಕಿಟಕಿಯ ಮೇಲೆ ಕ್ಯಾಮೆರಾದ ಕಪ್ಪು ಪೆಟ್ಟಿಗೆ. ಆ ಕಿಟಕಿಯನ್ನು ಕೂರಿಸಿ ಮುಚ್ಚಿದವಳು ಮರಿ. ಎಲ್ಲರಿಗೂ ಆ ದಿನ ನೆನಪಿತ್ತು, ಏಕೆಂದರೆ ಅವಳ ಕೈಜಾರಿ ಒಂದು ಬೋಲ್ಟು ಎಲ್ಲೋ ಉರುಳಿ, ಭಾವನೂ ಸೇರಿ ಎಲ್ಲರೂ ನೆಲದ ಮೇಲೆ ಕೈಯೂರಿ ಹುಡುಕಿದ್ದರು.

ಅದಾದ ಮೇಲೆ ಶುರುವಾದದ್ದು ಮೂಗಯ್ಯನ ರಾಜ್ಯಭಾರ: ಬೇಯಿಸುವುದು. ಹಂಡೆಯ ಮೈಗೆಲ್ಲ ಕಾಯಿಸುವ ಪಟ್ಟಿ ಸುತ್ತಿ, ಮೇಲೆ ಅಲ್ಯೂಮಿನಿಯಂ ಹಾಳೆ ಹೊದಿಸಿ, ನೀರು ಕುದಿಯುವ ಬಿಸಿಯ ಎರಡರಷ್ಟಕ್ಕೆ ಏರಿಸಿ, ವಾರವಿಡೀ ಹಾಗೇ ಬಿಟ್ಟು, ಗೋಡೆಗಂಟಿದ ತೇವವನ್ನೂ ಜಿಡ್ಡನ್ನೂ ಹೊರಗೆಳೆಯುವುದು. ಬೇಯಿಸುವ ವಿಷಯದಲ್ಲಿ ಅವನು ಯಾರ ಮಾತೂ ಕೇಳುವವನಲ್ಲ. "ಕಿಟಕಿಗೂ ಬೇಕಾ ಮಾಮ? ಗಾಜು ಸೀಳಿದ್ರೆ?" ಎಂದಿದ್ದಳು ಮರಿ. "ಕಿಟಕಿಗೇ ಮೊದಲು. ನಿಧಾನಕ್ಕೆ ಏರಿಸಿದ್ರೆ ಏನೂ ಆಗಲ್ಲ. ಬೆಂದಿದ್ದು ಮಾತ್ರ ಶುದ್ಧ. ಬೇಯದೆ ಉಳಿದಿದ್ದು ಒಂದಲ್ಲ ಒಂದು ದಿನ ಕೈಕೊಡುತ್ತೆ," ಎಂದು ತಾನೇ ಕಿಟಕಿಗೂ ಹಾಳೆ ಸುತ್ತಿದ್ದ. ಬೆಂದ ಮೇಲೆ ಹಂಡೆಯ ಸುತ್ತ ಹಳದಿ ಹಗ್ಗ ಕಟ್ಟಿದ. ಇನ್ನು ಅತಿಥಿಗಳು ಬರುವ ತನಕ ಹಗ್ಗ ದಾಟುವ ಅಧಿಕಾರ ಅವನೊಬ್ಬನಿಗೆ. ಭಾವನೂ ಆಚೆಯೇ ನಿಂತು ಮಾತಾಡಬೇಕು. ಪಂಪಿನವನು ಒಮ್ಮೆ ಕಾಲಿಟ್ಟು ಬೈಸಿಕೊಂಡಿದ್ದ.

ಕೋಣೆಯ ವಿಷಯ ಭಾವ ಎತ್ತಿದ್ದು ಇದೆಲ್ಲ ಮುಗಿದ ಮೇಲೆ.

ಮೂಗಯ್ಯ ಅವಸರ ಮಾಡಲಿಲ್ಲ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರೆ, ಅವನದು ಹಾಗಿರಲಿಲ್ಲ. ಒಂದು ಬೆಸುಗೆಯನ್ನು ಪರೀಕ್ಷಿಸುವಂತೆ ತನ್ನ ಉಪಾಯವನ್ನು ಎಲ್ಲ ಕಡೆಯಿಂದ ಒತ್ತಿ ನೋಡಿದ. ರಬ್ಬರು ಬಳೆಯ ಮೇಲೆ ಅಡ್ಡಲಾಗಿ ಒಂದು ಕೂದಲು ಕೂತರೆ, ಅದರ ಎರಡೂ ಮಗ್ಗುಲಲ್ಲಿ ಕಣ್ಣಿಗೆ ಕಾಣದ ಸಂದು ಉಳಿಯುತ್ತದೆ. ಗಾಳಿಗೆ ಅಷ್ಟು ಸಾಕು. ಬೇಯಿಸಿದ ಮೇಲೆ ಮಾಡಿದ ಪರೀಕ್ಷೆಯಲ್ಲಿ ಯಾಕೆ ಸೋರಲಿಲ್ಲ ಎಂದು ಕೇಳುತ್ತಾರೆ. ಹೊಸ ರಬ್ಬರು ಕೂದಲನ್ನು ಅಪ್ಪಿ ಹಿಡಿದಿರುತ್ತದೆ, ದಿನ ಕಳೆದಂತೆ ಸಡಿಲವಾಗುತ್ತದೆ ಎನ್ನಬಹುದು. ಅಂಥದ್ದು ನಡೆಯುವುದುಂಟು. ಬೇರೆಯವರು ಯಾಕೆ ಪತ್ತೆ ಹಚ್ಚಲಾರರು? ಹೀಲಿಯಂ ಹಗುರ, ಬಿಟ್ಟ ಕೂಡಲೇ ಮೇಲಕ್ಕೇರುತ್ತದೆ. ಮೇಲಿನಿಂದ ಹುಡುಕುತ್ತ ಬಂದವರಿಗೆ ಹೊಟ್ಟೆಯಡಿಯ ಸಂದು ಸಿಗದು. ಕೆಳಗೆ ಬಿಟ್ಟರೆ ಅದು ಮೈಯೆಲ್ಲ ಹರಡಿ ಪತ್ತೆಯಂತ್ರ ಎಲ್ಲ ಕಡೆಗೂ ಕಿರುಚುತ್ತದೆ. ಕ್ಯಾಮೆರಾದ ಪೆಟ್ಟಿಗೆ ಬಿಚ್ಚಿ, ಕಿಟಕಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಅದರೊಳಗಷ್ಟೇ ಹೀಲಿಯಂ ತುಂಬುವ ಉಪಾಯ ಅವನೊಬ್ಬನಿಗೆ ಗೊತ್ತಿತ್ತು. ಯಾರಿಗೂ ಹೇಳಿಕೊಟ್ಟಿರಲಿಲ್ಲ. ಒಳ್ಳೆಯದೇ ಆಯಿತು ಎಂದುಕೊಂಡ.

ಕೂದಲು ಮಾತ್ರ ಅವಳದೇ ಆಗಬೇಕು. ನೋಡಿದವರು ಬಾಯಿಬಿಟ್ಟು ಕೇಳಬಾರದು, ಕಣ್ಣು ತಾನಾಗಿ ಅವಳ ಜಡೆಯ ಕಡೆ ಹೊರಳಬೇಕು.

ರಜೆಯ ದಿನ ಅಕ್ಕನ ಮನೆಗೆ ಊಟಕ್ಕೆ ಹೋದ. ಕೈ ತೊಳೆಯುವ ಕನ್ನಡಿಯ ಕೆಳಗೆ ಮರಿಯ ಬಾಚಣಿಗೆ ಇತ್ತು. ಅದರ ಹಲ್ಲಿನಿಂದ ಉದ್ದನೆಯ ಒಂದು ಕೂದಲನ್ನು, ಬೆಣ್ಣೆಯಿಂದ ತೆಗೆದಂತೆ, ಮೆಲ್ಲಗೆ ಬಿಡಿಸಿಕೊಂಡ. ಅಷ್ಟರಲ್ಲಿ ಅಕ್ಕ ಟವೆಲ್ ಹಿಡಿದು ಹಿಂದೆ ಬಂದು ನಿಂತಳು. ಅವನು ಮುಷ್ಟಿ ಮುಚ್ಚಿದ.

"ಯಾಕೋ ಮುಖ ಹೀಗೆ? ಕೋಣೆ ಕೊಟ್ಟಿದ್ದಕ್ಕೆ ಬೇಜಾರಾ?"

"ಬೇಜಾರೇನಿಲ್ಲ ಅಕ್ಕ."

"ಇವರಿಗೆ ಮಾತು ಹೇಳೋಕೆ ಬರಲ್ಲ, ನಿಂಗೊತ್ತಲ್ಲ. ನೀನು ಮೊನ್ನೆ ಕೆಳಗಿಂದ ಏಳೋಕಾಗದೆ ಕಂಬ ಹಿಡ್ಕೊಂಡು ನಿಂತಿದ್ಯಂತೆ. ಅದನ್ನ ನೋಡಿ ಬಂದು ರಾತ್ರಿ ಊಟ ಮಾಡಲಿಲ್ಲ." ಅಕ್ಕ ಟವೆಲನ್ನು ಅವನ ಹೆಗಲಿಗೆ ಹಾಕಿದಳು. "ಮರಿಗೂ ಭಯ ಕಣೋ, ಅಷ್ಟು ದೊಡ್ಡ ಜವಾಬ್ದಾರಿ. ಮಾಮ ಮೇಲಿದ್ದಾನಲ್ಲ, ಏನಾದ್ರೂ ಆದ್ರೆ ಓಡಿ ಹೋಗಿ ಕೇಳು ಅಂದಿದೀನಿ. ನೀನಿದ್ದೀಯ ಅನ್ನೋದೇ ನಮಗೆ ಧೈರ್ಯ."

ಆ ಕ್ಷಣ ಅವನ ಮುಷ್ಟಿ ಬಿಚ್ಚಿಕೊಳ್ಳಬಹುದಾಗಿತ್ತು. ಕೂದಲು ಬಚ್ಚಲಿನ ನೀರಿನಲ್ಲಿ ಹರಿದು ಹೋಗಿ, ಈ ಕತೆ ಅಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ಒಳಗಿನಿಂದ ಭಾವನ ನಗು ಕೇಳಿಸಿತು. ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು: "ಈಗ ಅದು ನೀರಿಳಿಯದ ಗಂಟಲಿನ ಥರ, ಏನೂ ಒಳಗೆ ಹೋಗಲ್ಲ! ಎಲ್ಲಾ ನಮ್ಮ ಟೀಮಿನ ಶ್ರಮ." ಟೀಮಿನ ಶ್ರಮ! ಮೂಗಯ್ಯ ಒಂದು ಕೈಯಲ್ಲೇ ಮುಖ ಒರೆಸಿಕೊಂಡ.

ಮನೆಗೆ ಹೋಗಿ ಕೂದಲನ್ನು ಒಂದು ಪಾರದರ್ಶಕ ಕವರಿನಲ್ಲಿ ನೇರವಾಗಿ ಮಲಗಿಸಿದ. ತುದಿ ಸೀಳಿದ ಕಡೆ ಒಂದಿಷ್ಟು ಕತ್ತರಿಸಿದ. ಬೆಳಕಿಗೆ ಹಿಡಿದರೆ ರೇಷ್ಮೆ ಎಳೆಯಂತೆ ಮಿಂಚಿತು. ಸುಕ್ಕಾಗಬಾರದು, ಮಡಿಕೆ ಬೀಳಬಾರದು, ಯಾರು ಕಂಡರೂ ಇದು ಜಡೆಯದೇ ಎನ್ನಬೇಕು. ಸಾಕ್ಷಿಯನ್ನು ಇಷ್ಟು ಜೋಪಾನವಾಗಿ ಕಾಪಾಡಿದ ಅಪರಾಧಿ ಇನ್ನೊಬ್ಬನಿರಲಾರ.

ಅತಿಥಿಗಳಿಗಾಗಿ ಹಾಲ್‌ಗೆ ಬಣ್ಣ ಬಳಿಯುತ್ತಿದ್ದ ದಿನಗಳವು. ಅಷ್ಟು ದಿನ ಹಂಡೆಗೆ ವಿಶ್ರಾಂತಿ. ಒಳಗೆ ಒಣ ಸಾರಜನಕ ತುಂಬಿ, ತೇವ ನುಗ್ಗದಂತೆ ಒತ್ತಡ ಕೊಟ್ಟು ಇಡಲಾಗಿತ್ತು. ಇಂಥ ಹೊತ್ತಿನಲ್ಲಿ ಕಿಟಕಿ ತೆರೆದರೂ ಸಾರಜನಕ ಹೊರಕ್ಕೆ ಬೀಸುತ್ತದೆಯೇ ಹೊರತು ಹೊರಗಿನದು ಒಳಗೆ ಬರುವುದಿಲ್ಲ. ಅತಿಥಿಗಳ ಮುಂದೆ ಯಾರು ಎಲ್ಲಿ ನಿಲ್ಲಬೇಕು, ಯಾರು ಏನು ಹೇಳಬೇಕು ಎಂದು ಅಭ್ಯಾಸ ಮಾಡಿಸಲು ಭಾವ ಒಂದು ಮಧ್ಯಾಹ್ನ ಎಲ್ಲರನ್ನೂ ಮಹಡಿಗೆ ಕರೆದರು. ಬಣ್ಣದವರು ಊಟಕ್ಕೆ ಹೋಗಿದ್ದರು. "ಕೊನೇ ಸಲ ಒತ್ತಡ ನೋಡ್ಬಿಡ್ತೀನಿ, ನೀವು ಶುರು ಮಾಡಿ," ಎಂದ ಮೂಗಯ್ಯ.

ಹಳದಿ ಹಗ್ಗ ದಾಟಿದ. ಟೋಪಿ ಹಾಕಿದ, ಕೈಗವಸು ಹಾಕಿದ. ಅಪರಾಧ ಮಾಡುವಾಗಲೂ ಶುಚಿ ಬಿಡುವವನಲ್ಲ. ಬೆನ್ನಡಿ ಹಲಗೆ ಹಾಕಿಕೊಂಡು ಹಂಡೆಯ ಕೆಳಗೆ ಜಾರಿದ. ಕಪ್ಪು ಪೆಟ್ಟಿಗೆ ಕಳಚಿ, ಬೋಲ್ಟುಗಳನ್ನು ಸಡಿಲಿಸಿ, ಗಾಜನ್ನು ಇಳಿಸಿದ. ಹಂಡೆಯ ತಣ್ಣನೆಯ ಉಸಿರು ಮುಖಕ್ಕೆ ಬಡಿಯಿತು. ಚಿಮುಟದಿಂದ ಕೂದಲನ್ನು ಬಳೆಯ ಮೇಲೆ ಅಡ್ಡ ಹಾಕಿ, ಎರಡೂ ತುದಿ ಒಳಗೂ ಹೊರಗೂ ಒಂದಿಷ್ಟು ಚಾಚುವಂತೆ ಬಿಟ್ಟು, ಗಾಜು ಕೂರಿಸಿ, ಬೋಲ್ಟುಗಳನ್ನು ಮೊದಲಿದ್ದಷ್ಟೇ ಬಿಗಿದ. ಮೇಲಿನಿಂದ ಮರಿಯ ದನಿ ಕೇಳಿಸುತ್ತಿತ್ತು, ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತಿದ್ದಳು: "...ಇಷ್ಟು ಶುದ್ಧವಾದ ನಿರ್ವಾತ ಸಾಧ್ಯವಾಗಿದ್ದು ನಮ್ಮ ಮಾಮನಿಂದ..." ಯಾರೋ, "ಮಾಮ ಅಂತ ಬೇಡಮ್ಮ, ಸಲಹೆಗಾರರು ಅನ್ನು," ಎಂದರು. ಎಲ್ಲರೂ ನಕ್ಕರು.

ಅವನು ಕೊನೆಯ ಬೋಲ್ಟನ್ನು ಇನ್ನೊಂದು ಸಲ ಬಿಗಿದು, ಕಪ್ಪು ಪೆಟ್ಟಿಗೆಯನ್ನು ಮೊದಲಿನಂತೆ ಕೂರಿಸಿ ಹೊರಗೆ ಬಂದ. ಬೆನ್ನು ನೋಯುತ್ತಿತ್ತು.

ಅತಿಥಿಗಳ ದಿನ ಬಂತು. ಗಾಜಿನ ಗೋಡೆಯ ಈಚೆ ಕುರ್ಚಿಗಳು, ಹೂಗಳು, ಹೊಸ ಬಣ್ಣದ ವಾಸನೆ. ಹಣ ಹಾಕಿದವರ ಪರವಾಗಿ ಬೂದು ಕೋಟಿನ ಹೆಂಗಸೊಬ್ಬರು ಬಂದಿದ್ದರು. ಆಕೆ ಒಪ್ಪಿದರೆ ಮುಂದಿನ ಹಂಡೆ, ಒಪ್ಪದಿದ್ದರೆ ಕಂಪನಿಯ ಬಾಗಿಲು ಮುಚ್ಚಬೇಕು. ಸಾರಜನಕವನ್ನೆಲ್ಲ ಪಂಪಿನಿಂದ ಹೊರಗೆಳೆದ ಮೇಲೆ ಒತ್ತಡದ ಸೂಚಿಯನ್ನು ಓದಿ ಹೇಳಬೇಕಾದವನು ಮೂಗಯ್ಯ. ಅದು ಇರಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಮೇಲಿತ್ತು. "ಚೆನ್ನಾಗಿದೆ," ಎಂದ.

ಮರಿ ಗುಂಡಿ ಒತ್ತಿದಳು. ಸುರುಳಿಗಳು ಗುಂಯ್ಗುಟ್ಟಿದವು. ಪರದೆಯ ಮೇಲೆ ನಸುಗೆಂಪು ಬೆಳಕು ಹುಟ್ಟಿ, ಉಂಗುರವಾಗಿ ಸುತ್ತಿಕೊಳ್ಳಲು ಹೊರಟು, ಕೆಮ್ಮಿದಂತೆ ನಡುಗಿ ಆರಿಹೋಯಿತು. ಮತ್ತೊಮ್ಮೆ ಒತ್ತಿದಳು. ಮತ್ತೆ ಅದೇ. ಮೂರನೆಯ ಬಾರಿ ಬೆಳಕೇ ಬರಲಿಲ್ಲ. ಭಾವ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡು, "ಹೊಸ ಯಂತ್ರ ಅಲ್ವಾ, ಸ್ವಲ್ಪ ಹಟ," ಎಂದು ನಗಲು ನೋಡಿದರು. ಯಾರೂ ನಗಲಿಲ್ಲ. ಬೂದು ಕೋಟಿನಾಕೆ ಮಾತ್ರ, "ಕಾರಣ ಗೊತ್ತಾದ ಮೇಲೆ ಹೇಳಿ, ಅಲ್ಲಿವರೆಗೆ ಊರಲ್ಲೇ ಇರ್ತೀನಿ," ಎಂದು ಎದ್ದರು.

ಆಮೇಲಿನದು ಮೂಗಯ್ಯ ಬರೆದಿಟ್ಟಂತೆಯೇ ನಡೆಯಿತು. ಮರಿಯೂ ಪಂಪಿನವನೂ ಬೆಸುಗೆಯವನೂ ಸೇರಿ ಹೀಲಿಯಂ ಹಿಡಿದು ಹಂಡೆಯ ನೆತ್ತಿಯಿಂದ ಹುಡುಕಿದರು. ಏನೂ ಸಿಗಲಿಲ್ಲ. ಕೆಳಗೆ ಬಿಟ್ಟರು, ಎಲ್ಲ ಕಡೆಯೂ ಸೋರುತ್ತಿದೆ ಎಂದಿತು ಪತ್ತೆಯಂತ್ರ. ಅವನು ಮಹಡಿಯ ಕೋಣೆಯಲ್ಲಿ, ತಿರುಗುವ ಕುರ್ಚಿಯಲ್ಲಿ, ಮೆಟ್ಟಿಲಿನ ಸದ್ದಿಗೆ ಕಾಯುತ್ತ ಕೂತಿದ್ದ. ಮೊದಲು ಮರಿ ಬಂದಳು. "ಮಾಮ, ಬಾ ಮಾಮ," ಎಂದಳು. "ನಾನು ಬರೀ ಸಲಹೆಗಾರ ಕಣಮ್ಮ. ನಿಧಾನಕ್ಕೆ ಹುಡುಕು, ಸಿಗುತ್ತೆ," ಎಂದು ಕಳಿಸಿದ. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು. ಅದನ್ನು ನೋಡದಿರಲು ಗಿಡದ ಕಡೆ ನೋಡಿದ. ಮರುದಿನ ಭಾವನೇ ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲಿ ನಿಂತು, ಏದುಸಿರು ಬಿಡುತ್ತಾ, "ಬಾರೋ," ಎಂದರು.

ಆ ಒಂದು ಮಾತಿಗೆ ಅವನು ಎದ್ದು ಭಾವನ ಕೈ ಹಿಡಿದುಕೊಂಡ. ನಾಟಕವಲ್ಲ, ಪ್ರೀತಿಯಿಂದಲೇ ಹಿಡಿದುಕೊಂಡ.

ಬೂದು ಕೋಟಿನಾಕೆಯನ್ನೂ ಕರೆಸಿ ಎಂದು ಅವನೇ ಹೇಳಿದ. ಎಲ್ಲರೆದುರು ಹಂಡೆಯ ಸುತ್ತ ಎರಡು ಸುತ್ತು ಬಂದ, ಅಲ್ಲಲ್ಲಿ ಕಿವಿಯಿಟ್ಟ, ತಲೆಯಾಡಿಸಿದ. ಕಡೆಗೆ ಕೆಳಗೆ ಜಾರಿ, ಕಪ್ಪು ಪೆಟ್ಟಿಗೆ ಕಳಚಿ, ಕಿಟಕಿಗೆ ಚೀಲ ಕಟ್ಟಿ ಹೀಲಿಯಂ ಬಿಟ್ಟ. ಪತ್ತೆಯಂತ್ರ ಚೀರಿತು. ಹಂಡೆಗೆ ಸಾರಜನಕ ತುಂಬಿಸಿ, ಗಾಜು ಇಳಿಸಿ, ಟಾರ್ಚು ಹಿಡಿದು, "ಯಾರಾದ್ರೂ ನೋಡಿ, ನಂಗೆ ಕಣ್ಣು ಮಂಜು," ಎಂದ. ಬೆಸುಗೆಯವನು ತಲೆ ತೂರಿಸಿ ನೋಡಿ ಹಿಂದೆ ಸರಿದ. ಮೂಗಯ್ಯ ಚಿಮುಟದಲ್ಲಿ ಅದನ್ನು ಎತ್ತಿ ಬೆಳಕಿಗೆ ಹಿಡಿದ. ಉದ್ದಕ್ಕೆ, ಕಪ್ಪಗೆ, ಮಿಂಚುತ್ತಾ ತೂಗಾಡಿತು.

ಎಲ್ಲರ ಕಣ್ಣೂ ಜಡೆಯ ಕಡೆ ಹೊರಳಿತು.

"ಮಾಮ, ನಾನು ಟೋಪಿ ಹಾಕಿದ್ದೆ," ಎಂದಳು ಮರಿ. ದನಿ ಅರ್ಧಕ್ಕೇ ನಿಂತಿತು. "ಹಾಕಿದ್ದೆ ಅನ್ಸುತ್ತೆ. ಆ ಬೋಲ್ಟು ಬಿದ್ದಾಗ ಬಗ್ಗಿದೆನಲ್ಲ, ಆಗೇನಾದ್ರೂ..."

ತನ್ನ ಮೇಲೆ ತಾನೇ ಸಾಕ್ಷಿ ಹುಡುಕಿಕೊಡುತ್ತಿದ್ದಾಳೆ! ಇಷ್ಟು ಸಲೀಸಾಗುತ್ತದೆಂದು ಅವನೂ ಎಣಿಸಿರಲಿಲ್ಲ. "ಬಿಡಮ್ಮ, ಆಗುತ್ತೆ. ಯಾರಿಗಾದ್ರೂ ಆಗುತ್ತೆ," ಎಂದ ದೊಡ್ಡ ಮನಸ್ಸಿನಿಂದ. ಭಾವ ನೆಲ ನೋಡುತ್ತಿದ್ದರು. ಬೂದು ಕೋಟಿನಾಕೆ ಭಾವನಿಗೆ, "ಮನೆಯವರು ಅಂತ ಕೆಲಸ ಕೊಟ್ರೆ ಹೀಗೇ. ಈ ಜಾಗಕ್ಕೆ ಅನುಭವ ಇರೋರು ಬೇಕು. ಅವರಿದ್ರೆ ಇನ್ನೊಂದು ಅವಕಾಶ ಕೊಡೋಣ," ಎಂದು ಮೂಗಯ್ಯನ ಕಡೆ ಕೈ ತೋರಿದರು. ಅವನೂ ಮನೆಯವನೇ ಎಂದು ಆಕೆಗೆ ಯಾರೂ ಹೇಳಲಿಲ್ಲ.

ಹಂಡೆ ಅವನದಾಯಿತು. ಮರಿ ಮಹಡಿಯ ಆ ಕೋಣೆಗೆ ಹೋದಳು, ಪ್ಲಾಸ್ಟಿಕ್ ಗಿಡದ ಜೊತೆಗೆ. ಮೂರು ದಿನ ಬಿಟ್ಟು ಅವಳು ಕೆಲಸಕ್ಕೆ ಬಂದಾಗ ಜಡೆ ಇರಲಿಲ್ಲ. ಕತ್ತಿನವರೆಗೆ ಕತ್ತರಿಸಿಕೊಂಡಿದ್ದಳು. ಅಕ್ಕ ಫೋನಿನಲ್ಲಿ ಅತ್ತಳು: "ಹುಟ್ಟಿದಾಗಿನಿಂದ ಬೆಳೆಸಿದ ಕೂದಲು ಕಣೋ, ಕತ್ತರಿ ತಗೊಂಡು ತಾನೇ..." ಅವನಿಗೆ ಅಂದು ಅನ್ನ ಇಳಿಯಲಿಲ್ಲ. ಆದರೆ ಬೆಳಿಗ್ಗೆ ಹಾಲ್‌ಗೆ ಬಂದು, ಪಂಪಿನವನು, "ಮೂಗಯ್ಯನೋರೇ, ಇವತ್ತು ಎಲ್ಲಿಂದ ಶುರು?" ಎಂದು ಕೇಳಿದಾಗ ಹಸಿವಾಯಿತು. ಮನುಷ್ಯ ಹೀಗೇ.

ಗೆದ್ದವನು ಅಲ್ಲಿಗೆ ಸುಮ್ಮನಿರಬೇಕಿತ್ತು. ಅವನು ಸುಮ್ಮನಿರಲಿಲ್ಲ. ಆ ಕೂದಲನ್ನು ಎರಡು ಗಾಜಿನ ನಡುವೆ ಇಟ್ಟು, ಚೌಕಟ್ಟು ಹಾಕಿಸಿ, ಹಾಲ್‌ನ ಬಾಗಿಲಲ್ಲಿ ಟೋಪಿಗಳ ಪೆಟ್ಟಿಗೆಯ ಮೇಲೆ ತೂಗುಹಾಕಿದ. ಹೊಸಬರಿಗೆ ಪಾಠವಾಗಲಿ ಎಂದ. ಅದರ ಮೇಲೆ ಪುಟ್ಟದೊಂದು ದೀಪವನ್ನೂ ಹಾಕಿಸಿದ್ದರಿಂದ ಕೂದಲು ಸದಾ ಮಿನುಗುತ್ತಿತ್ತು. ಮರಿ ಹೋಗುವಾಗ ಬರುವಾಗ ಅದರ ಕೆಳಗೆ ತಲೆ ತಗ್ಗಿಸಿ ನಡೆಯುತ್ತಿದ್ದಳು.

ಸಂದಿಯಿಂದ ಗಾಳಿಯೂ ತೇವವೂ ಒಳಸೇರಿದ್ದರಿಂದ ಹಂಡೆಯನ್ನು ಮತ್ತೆ ಬೇಯಿಸಬೇಕಾಯಿತು. ಹೊಸ ಬಳೆ ಹಾಕಿ, ಮೈಗೆಲ್ಲ ಪಟ್ಟಿ ಸುತ್ತಿ, ಹಾಳೆ ಹೊದಿಸಿ, ವಾರವಿಡೀ ಕಾಯಿಸಿದರು. ತಣ್ಣಗಾದ ಮೇಲೆ ಹಾಳೆ ಬಿಚ್ಚುವ ದಿನ ಬೂದು ಕೋಟಿನಾಕೆಯೂ ಬಂದರು, ಭಾವನೂ ಬಂದರು. ಮೂಗಯ್ಯ ಹಟ ಮಾಡಿ ಮರಿಯನ್ನೂ ಮಹಡಿಯಿಂದ ಕರೆಸಿದ. "ಅವಳೂ ಕಲೀಲಿ ಭಾವ. ಎಷ್ಟಾದ್ರೂ ನನ್ನ ಅಕ್ಕನ ಮಗಳು," ಎಂದ. ಅವಳ ಮೇಲಿನ ಪ್ರೀತಿ ಅವನಿಗೆ ಈಗ ಮತ್ತೆ ಸುಲಭವಾಗಿತ್ತು. ಹಾಳೆಯನ್ನು ಸುರುಳಿ ಸುರುಳಿಯಾಗಿ ಬಿಚ್ಚುತ್ತಾ, ಏನನ್ನು ಯಾಕೆ ಮಾಡಿದೆ ಎಂದು ವಿವರಿಸುತ್ತಾ, ಎಲ್ಲರನ್ನೂ ಒಂದೆರಡು ಸಲ ನಗಿಸಿದ ಕೂಡ.

ಕಿಟಕಿಯ ಬಳಿಯ ಕೊನೆಯ ಹಾಳೆ ಬಿಚ್ಚಿದಾಗ, ಉಕ್ಕಿನ ಅಂಚಿಗೆ ಅಂಟಿಕೊಂಡು ಒಂದು ಎಳೆ ಕಾಣಿಸಿತು. ಕೂದಲು! ಪಟ್ಟಿ ಸುತ್ತುವಾಗ ಯಾರದೋ ಟೋಪಿಯಿಂದ ಬಿದ್ದದ್ದು. "ನೋಡಿದ್ರಾ? ಇಷ್ಟೆಲ್ಲ ಹೇಳಿದ ಮೇಲೂ!" ಎಂದು ಗುಡುಗಿ, ಎಲ್ಲರೂ ಹತ್ತಿರ ಬಗ್ಗುವಂತೆ ಮಾಡಿ, ಅವನು ಚಿಮುಟ ತೆಗೆದ. ಎಳೆ ಕಪ್ಪಗಿರಲಿಲ್ಲ, ತುಕ್ಕಿನ ಬಣ್ಣಕ್ಕೆ ತಿರುಗಿ ಮುರುಟಿತ್ತು. ಚಿಮುಟ ತಾಗಿದ್ದೇ ತಡ, ಅದು ಪುಡಿಯಾಗಿ ಉದುರಿ, ಅವನ ಬಿಳಿ ಕೈಗವಸಿನ ಮೇಲೆ ಕಂದು ಧೂಳಾಗಿ ಉಳಿಯಿತು. "ವಾರ ಬೆಂದ್ರೆ ಇನ್ನೇನಾಗುತ್ತೆ," ಎಂದ ಪಂಪಿನವನು, ಸುಮ್ಮನೆ ಮಾತಿಗೆ. ಮರಿ ಧೂಳನ್ನು ನೋಡಿದಳು. ಆಮೇಲೆ ಕತ್ತರಿಸಿದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, ನಿಧಾನವಾಗಿ ಬಾಗಿಲ ಕಡೆ ತಿರುಗಿದಳು. ಅಲ್ಲಿ ಗಾಜಿನ ಚೌಕಟ್ಟಿನಲ್ಲಿ, ಅವನೇ ಹಾಕಿಸಿದ ದೀಪದ ಕೆಳಗೆ, ಅವಳ ಕೂದಲು ಕಪ್ಪಗೆ, ಉದ್ದಕ್ಕೆ, ಇಂದು ಬೆಳಿಗ್ಗೆ ಬಾಚಿಕೊಂಡಷ್ಟು ಹೊಸದಾಗಿ ಹೊಳೆಯುತ್ತಿತ್ತು. ಒಬ್ಬೊಬ್ಬರಾಗಿ ಎಲ್ಲರೂ ಅತ್ತ ನೋಡಿದರು, ಕಡೆಯಲ್ಲಿ ಭಾವ. "ಮಾಮ," ಎಂದಳು ಮರಿ, ಚಿಕ್ಕವಳಿದ್ದಾಗ ಅರ್ಥವಾಗದ್ದನ್ನು ಕೇಳುತ್ತಿದ್ದ ಅದೇ ದನಿಯಲ್ಲಿ, "ನಾನು ಆ ಕಿಟಕಿ ಮುಚ್ಚಿದ್ದು ನೀನು ಬೇಯಿಸೋಕೆ ಮೊದಲು. ಬೆಂದ ಮೇಲೆ ಹಗ್ಗದ ಒಳಗೆ ಹೋಗಿದ್ದು ಯಾರು?"